ಎರಡೇ ಸೀಟು, ಹಗುರ ಮೈ: ಪುಟ್ಟ ಕಾರೊಂದು ಹೇಳುವ ಚಲನೆಯ ಪಾಠ

ಕಾರು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸಂಸಾರದ ವಾಹನ. ಮುಂದೆ ಅಪ್ಪ, ಅಮ್ಮ. ಹಿಂದೆ ಅಜ್ಜಿ ಮತ್ತು ಮಕ್ಕಳು. ಡಿಕ್ಕಿಯ ತುಂಬ ಬಟ್ಟೆಯ ಬ್ಯಾಗು, ನೀರಿನ ಕ್ಯಾನು, ಊರಿನಿಂದ ತಂದ ತೆಂಗಿನಕಾಯಿ. ಹೀಗಿರುವಾಗ ಇಬ್ಬರಿಗಷ್ಟೇ ಜಾಗವಿರುವ, ದೊಡ್ಡ ಸೂಟ್‌ಕೇಸ್ ಇಡಲೂ ಪರದಾಡಬೇಕಾದ, ಮಳೆ ಹನಿದರೆ ಮಡಿಸಿಟ್ಟ ಬಟ್ಟೆಯ ಚಾವಣಿಯನ್ನು ಎಳೆದುಕೊಳ್ಳಬೇಕಾದ ಕಾರನ್ನು ಯಾರಾದರೂ ಏಕೆ ಕೊಳ್ಳಬೇಕು? ಆದರೂ ಅಂಥದೊಂದು ಕಾರು ಜಗತ್ತಿನ ಮನಸ್ಸು ಗೆದ್ದಿದೆ. ಜಪಾನಿನ ಮಜ್ದಾ ಕಂಪನಿ 1989ರಲ್ಲಿ ಹೊರತಂದ ‘ಎಂ.ಎಕ್ಸ್-5’ ಎಂಬ ಈ ಕಾರಿಗೆ ಅಮೆರಿಕದಲ್ಲಿ ‘ಮಿಯಾಟಾ’ ಎಂಬ ಹೆಸರು. ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು 2000ದಲ್ಲಿ ಅದು ಗಿನ್ನೆಸ್ ದಾಖಲೆಗೆ ಸೇರಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಕಾರ್ಖಾನೆಯಿಂದ ಹೊರಬಂತು.

ಇದಕ್ಕೆಲ್ಲ ಕಾರಣ ವೇಗ ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸಬಹುದು. ಆ ಉತ್ತರ ಸರಿಯಲ್ಲ. ಮೊದಲ ಮಿಯಾಟಾದ ಎಂಜಿನ್ ಕೇವಲ 1.6 ಲೀಟರಿನದು. ಅದರ ಸಾಮರ್ಥ್ಯ 116 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಸುಮಾರು ಒಂಬತ್ತು ಸೆಕೆಂಡು ಬೇಕಿತ್ತು. ಇಂದಿನ ಎಷ್ಟೋ ಸಂಸಾರದ ಕಾರುಗಳು ಅದನ್ನು ನೇರ ರಸ್ತೆಯಲ್ಲಿ ಸುಲಭವಾಗಿ ಹಿಂದೆ ಹಾಕುತ್ತವೆ. ಆದರೂ ಅದನ್ನು ಓಡಿಸಿದವರ ಮುಖದಲ್ಲಿ ನಗು ಮೂಡುತ್ತದೆ. ಆ ನಗುವಿನ ಕಾರಣ ಪ್ರೌಢಶಾಲೆಯ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ. ಜಡತ್ವ, ಘರ್ಷಣೆ, ಗುರುತ್ವ ಕೇಂದ್ರ, ಕೇಂದ್ರಾಭಿಮುಖ ಬಲ: ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಪದಗಳನ್ನೆಲ್ಲ ಈ ಕಾರು ಚಾಲಕನ ಅಂಗೈಗೆ, ಬೆನ್ನಿಗೆ, ಪಾದಕ್ಕೆ ಮುಟ್ಟಿಸುತ್ತದೆ.

ಅಳಿದ ವಂಶದ ಮರುಹುಟ್ಟು

ಹಗುರವಾದ, ಚಾವಣಿ ತೆಗೆಯಬಲ್ಲ, ಅಗ್ಗದ ಎರಡು ಸೀಟಿನ ಕಾರು ಮುಖ್ಯವಾಗಿ ಬ್ರಿಟನ್ನಿನ ಕೊಡುಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಲ್ಲಿ ಅನೇಕರು ಎಂ.ಜಿ. ಕಂಪನಿಯ ಪುಟ್ಟ ಕಾರುಗಳಿಗೆ ಮಾರುಹೋದರು. ಯುದ್ಧ ಮುಗಿದ ಮೇಲೆ ಈ ಕಾರುಗಳಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆಯಾಯಿತು. 1962ರಲ್ಲಿ ಬಂದ ‘ಎಂ.ಜಿ.ಬಿ.’ ಈ ವಂಶದ ಜನಪ್ರಿಯ ಸದಸ್ಯ. ಅದೇ ವರ್ಷ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ‘ಎಲಾನ್’ ಎಂಬ ಕಾರನ್ನು ರೂಪಿಸಿದರು. ಕಟ್ಟಡ ರಚನಾ ಎಂಜಿನಿಯರಿಂಗ್ ಓದಿದ್ದ ಚಾಪ್‌ಮನ್, ಕಾರನ್ನು ಉತ್ತಮಗೊಳಿಸಲು ಎಂಜಿನ್ನಿನ ಬಲ ಹೆಚ್ಚಿಸುವುದಕ್ಕಿಂತ ತೂಕ ಇಳಿಸುವುದೇ ಜಾಣತನ ಎಂದು ನಂಬಿದ್ದವರು. ನಡುವೆ ಬೆನ್ನೆಲುಬಿನಂಥ ಉಕ್ಕಿನ ಚೌಕಟ್ಟು, ಅದರ ಮೇಲೆ ಫೈಬರ್‌ಗ್ಲಾಸ್ ಮೈ. ಎಲಾನ್ ತೂಗುತ್ತಿದ್ದುದು ಸುಮಾರು 680 ಕಿಲೋಗ್ರಾಂ ಮಾತ್ರ.

1970ರ ದಶಕದಲ್ಲಿ ಈ ವಂಶಕ್ಕೆ ಕಷ್ಟಕಾಲ ಬಂತು. ಅಮೆರಿಕದಲ್ಲಿ ಹೊಗೆ ಮತ್ತು ಸುರಕ್ಷತೆಯ ನಿಯಮಗಳು ಬಿಗಿಯಾದವು. ನಿಯಮಗಳೇನೋ ಅಗತ್ಯವೇ. ಆದರೆ ಹಳೆಯ ವಿನ್ಯಾಸಕ್ಕೆ ತೇಪೆ ಹಾಕಿ ಅವುಗಳನ್ನು ಪಾಲಿಸಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಎಂ.ಜಿ.ಬಿ. ಒಳ್ಳೆಯ ಉದಾಹರಣೆ. ಬಂಪರ್ ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕೆಂಬ ನಿಯಮಕ್ಕಾಗಿ 1974ರಲ್ಲಿ ಅದಕ್ಕೆ ದಪ್ಪ ಕಪ್ಪು ಬಂಪರುಗಳನ್ನು ತೊಡಿಸಿ, ಇಡೀ ಕಾರನ್ನು ಒಂದು ಅಂಗುಲಕ್ಕೂ ಹೆಚ್ಚು ಮೇಲೆತ್ತಲಾಯಿತು. ಗುರುತ್ವ ಕೇಂದ್ರ ಮೇಲೇರಿತು. ಭಾರವಾದ ಬಂಪರುಗಳು ಎರಡು ತುದಿಗಳಲ್ಲಿ ಜೋತುಬಿದ್ದವು. ಕಾರು ತಿರುವುಗಳಲ್ಲಿ ಓಲಾಡತೊಡಗಿತು. ಒಂದು ಅಂಗುಲದಿಂದ ಆಗುವುದೇನು ಎಂದು ಕೇಳುವವರಿಗೆ ಅದನ್ನು ಓಡಿಸಿದವರ ದೂರುಗಳೇ ಉತ್ತರವಾಗಿದ್ದವು. 1980ರ ಅಕ್ಟೋಬರ್‌ನಲ್ಲಿ ಆಬಿಂಗ್ಡನ್ ಊರಿನ ಎಂ.ಜಿ. ಕಾರ್ಖಾನೆಗೆ ಬೀಗ ಬಿತ್ತು.

ಅಳಿದೇ ಹೋಯಿತು ಎನ್ನುವಂತಿದ್ದ ಈ ಬಗೆಯ ಕಾರಿಗೆ ಮತ್ತೆ ಜೀವ ಕೊಟ್ಟದ್ದು ಮಜ್ದಾ. ‘ಸ್ವರಾಜ್ ಮಜ್ದಾ’ ಲಾರಿ, ಮಿನಿಬಸ್ಸುಗಳ ಮೂಲಕ ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲೂ ಪರಿಚಿತವಾಗಿದ್ದ ಹೆಸರೇ ಇದು. ಹಳೆಯ ಬ್ರಿಟಿಷ್ ಕಾರುಗಳಂಥ ಸರಳ, ಹಗುರ ಕಾರೊಂದನ್ನು ಮಾಡಿ ಎಂದು ಕಂಪನಿಗೆ ಹೇಳಿದವರು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ. ಮುಂದೆ ಅವರು ಅದೇ ಕಂಪನಿಯ ನೌಕರರೂ ಆದರು. ತೊಶಿಹಿಕೊ ಹಿರಾಯ್ ಎಂಬ ಎಂಜಿನಿಯರ್ ಯೋಜನೆಯ ಮುಖ್ಯಸ್ಥರಾದರು. 1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಕಾರು ಜನರ ಮುಂದೆ ಬಂತು.

ಕುದುರೆಯೂ ಸವಾರನೂ ಒಂದೇ ಮೈ

ಹಿರಾಯ್ ತಂಡ ತನ್ನ ಗುರಿಯನ್ನು ‘ಜಿನ್‌ಬಾ ಇತ್ತಾಯ್’ ಎಂಬ ಜಪಾನಿ ಮಾತಿನಲ್ಲಿ ಹಿಡಿದಿಟ್ಟಿತು. ಕುದುರೆಯೂ ಸವಾರನೂ ಒಂದೇ ದೇಹವಾಗುವುದು ಎಂಬುದು ಅದರ ಅರ್ಥ. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಬಿಲ್ಲುಗಾರನ ಎರಡೂ ಕೈಗಳು ಬಿಲ್ಲಿನಲ್ಲಿರುತ್ತವೆ. ಲಗಾಮು ಹಿಡಿಯಲು ಆಗುವುದಿಲ್ಲ. ಅವನ ತೊಡೆಯ ಒತ್ತಡವನ್ನು ಕುದುರೆ ತಿಳಿಯಬೇಕು, ಕುದುರೆಯ ಹೆಜ್ಜೆಯನ್ನು ಅವನು ತಿಳಿಯಬೇಕು.

ಕೇಳಲು ಕಾವ್ಯದಂತಿರುವ ಈ ಮಾತನ್ನು ಎಂಜಿನಿಯರುಗಳು ಗ್ರಾಂ, ಮಿಲಿಮೀಟರುಗಳಿಗೆ ಇಳಿಸಿದರು. ಮೊದಲ ಮಿಯಾಟಾದ ತೂಕ, ಮಾದರಿಗೆ ತಕ್ಕಂತೆ, ಒಂದು ಟನ್ನಿಗಿಂತ ತುಸು ಕಡಿಮೆ. ಬಾನೆಟ್ಟನ್ನು ಅಲ್ಯೂಮಿನಿಯಮ್ಮಿನಿಂದ ಮಾಡಲಾಯಿತು. ಎಂಜಿನ್ನನ್ನು ಮುಂದಿನ ಅಚ್ಚಿನಿಂದ ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿದರು. ಬ್ಯಾಟರಿಯನ್ನು ಮುಂಭಾಗದಿಂದ ತೆಗೆದು ಡಿಕ್ಕಿಯಲ್ಲಿಟ್ಟರು. ಇಬ್ಬರು ಕೂತಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾದ ಭಾರ ಬೀಳುವಂತೆ ಮಾಡಿದರು.

ಭಾರ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ಕೋಲು ಮತ್ತು ಸಮ ತೂಕದ ಎರಡು ಕಲ್ಲು ತೆಗೆದುಕೊಳ್ಳಿ. ಮೊದಲು ಎರಡೂ ಕಲ್ಲುಗಳನ್ನು ಕೋಲಿನ ನಡುವೆ ಬಿಗಿದು ಕಟ್ಟಿ. ನಡುಭಾಗ ಹಿಡಿದು ಕೋಲನ್ನು ಎಡಕ್ಕೂ ಬಲಕ್ಕೂ ಚುರುಕಾಗಿ ತಿರುಗಿಸಿ. ಬಳಿಕ ಕಲ್ಲುಗಳನ್ನು ಎರಡು ತುದಿಗಳಿಗೆ ಕಟ್ಟಿ ಅದನ್ನೇ ಮಾಡಿ. ಒಟ್ಟು ತೂಕ ಬದಲಾಗಿಲ್ಲ. ಆದರೆ ಕೋಲು ತಿರುಗಲು ಹಟ ಮಾಡುತ್ತದೆ. ತಿರುಗತೊಡಗಿದ ಮೇಲೆ ನಿಲ್ಲಲೂ ಹಟ ಮಾಡುತ್ತದೆ. ತಿರುಗುವಿಕೆಗೆ ವಸ್ತು ಒಡ್ಡುವ ಈ ಜಡತ್ವ, ನಡುವಿನಿಂದ ಭಾರಕ್ಕಿರುವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ದೂರ ಇಮ್ಮಡಿಸಿದರೆ ಹಟ ನಾಲ್ಕು ಪಟ್ಟು.

ಎಂಜಿನ್, ಗೇರ್‌ಪೆಟ್ಟಿಗೆ, ಇಬ್ಬರು ಮನುಷ್ಯರು ಇವೆಲ್ಲ ಎರಡು ಅಚ್ಚುಗಳ ನಡುವೆ ಒತ್ತಾಗಿ ಇರುವ ಪುಟ್ಟ ಕಾರು, ನಡುವೆ ಕಲ್ಲು ಕಟ್ಟಿದ ಕೋಲಿನಂತೆ. ಸ್ಟಿಯರಿಂಗನ್ನು ಕೊಂಚ ತಿರುಗಿಸಿದರೆ ಸಾಕು, ಮೂತಿ ತಡಮಾಡದೆ ಅತ್ತ ಹೊರಳುತ್ತದೆ. ಹಿಂದಿನ ಸೀಟು ಇಲ್ಲದಿರುವುದು ಇಲ್ಲಿ ಲಾಭವೇ. ಹಿಂದಿನ ಸಾಲು ಬೇಡವಾದರೆ ಕಾರಿನ ಉದ್ದ ಕಡಿಮೆ, ತೂಕ ಕಡಿಮೆ. ಚಾಲಕನೂ ಕಾರಿನ ನಟ್ಟನಡುವೆ ಹೊರಳುವ ಬಿಂದುವಿನ ಸಮೀಪ ಕೂರಬಹುದು. ಕಾರು ತನ್ನ ಸುತ್ತಲೇ ತಿರುಗಿತು ಎಂದು ಅವನಿಗೆ ಅನ್ನಿಸುವುದು ಈ ಕಾರಣದಿಂದ.

ತಿರುವಿನ ಲೆಕ್ಕ

ಈಗ ಒಂದು ತಿರುವು ಬಂತೆನ್ನಿ. ಅದರ ತ್ರಿಜ್ಯ 50 ಮೀಟರ್. ಕಾರು ನೇರವಾಗಿ ಹೋಗಲು ಬಯಸುತ್ತದೆ. ಅದು ನ್ಯೂಟನ್ನನ ಮೊದಲ ನಿಯಮ. ಅದನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ ಬರಬೇಕಾದದ್ದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆಯಿಂದ. ಬೇಕಾದ ಬಲ ಎಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಾಗ ಬರುವ ಮೊತ್ತ. ಸಿಗುವ ಬಲ ಎಂದರೆ ಘರ್ಷಣಾಂಕವನ್ನು ಕಾರಿನ ತೂಕದಿಂದ ಗುಣಿಸಿದಷ್ಟು. ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ, ಈ ತಿರುವಿನಲ್ಲಿ ಮೀರಬಾರದ ವೇಗ ಸೆಕೆಂಡಿಗೆ ಸುಮಾರು 19.8 ಮೀಟರ್, ಅಂದರೆ ಗಂಟೆಗೆ 71 ಕಿಲೋಮೀಟರ್. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ ಮಿತಿಯೂ ಸುಮಾರು 50 ಕಿಲೋಮೀಟರಿಗೆ ಇಳಿಯುತ್ತದೆ.

ಚುರುಕು ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಎತ್ತಬಹುದು. ದ್ರವ್ಯರಾಶಿ ಸಮೀಕರಣದ ಎರಡೂ ಕಡೆ ಇದೆ, ಅದು ಹೊಡೆದುಹೋಗುತ್ತದೆ. ಹಾಗಾದರೆ ಲಾರಿಗೂ ಮಿಯಾಟಾಕ್ಕೂ ಒಂದೇ ಮಿತಿ ಇರಬೇಕಲ್ಲ, ಹಗುರವಾಗಿರುವುದರಿಂದ ಬಂದ ಲಾಭವೇನು? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಟೈರಿನ ಸ್ವಭಾವದಲ್ಲಿದೆ. ಪಠ್ಯಪುಸ್ತಕದ ಘರ್ಷಣಾಂಕ ಬದಲಾಗದ ಸಂಖ್ಯೆ. ರಬ್ಬರ್ ಟೈರಿನದು ಹಾಗಲ್ಲ. ಟೈರಿನ ಮೇಲೆ ಭಾರ ಇಮ್ಮಡಿಸಿದರೆ ಅದರ ಹಿಡಿತ ಇಮ್ಮಡಿಸುವುದಿಲ್ಲ, ಸ್ವಲ್ಪ ಕಡಿಮೆಯೇ ಹೆಚ್ಚುತ್ತದೆ. ಕಾರು ತಿರುಗುವಾಗ ಒಳಬದಿಯ ಚಕ್ರಗಳ ಭಾರ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಹೊರಚಕ್ರ ಗಳಿಸಿದ ಹಿಡಿತಕ್ಕಿಂತ ಒಳಚಕ್ರ ಕಳೆದುಕೊಂಡದ್ದೇ ಹೆಚ್ಚಾಗುವುದರಿಂದ, ಭಾರ ವರ್ಗವಾದಷ್ಟೂ ಒಟ್ಟು ಲೆಕ್ಕದಲ್ಲಿ ನಷ್ಟ.

ಎಷ್ಟು ಭಾರ ವರ್ಗವಾಗುತ್ತದೆ ಎಂಬುದು ಗುರುತ್ವ ಕೇಂದ್ರದ ಎತ್ತರ ಮತ್ತು ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಗುರುತ್ವ ಕೇಂದ್ರ 45 ಸೆಂಟಿಮೀಟರ್ ಎತ್ತರದಲ್ಲಿದ್ದು ಚಕ್ರಗಳ ಅಂತರ 1.4 ಮೀಟರ್ ಇದ್ದರೆ, ಮೇಲೆ ಹೇಳಿದ ಗರಿಷ್ಠ ವೇಗದ ತಿರುವಿನಲ್ಲಿ ಒಟ್ಟು ತೂಕದ ಸುಮಾರು ಶೇಕಡಾ 26ರಷ್ಟು ಹೊರಕ್ಕೆ ಹೋಗುತ್ತದೆ. ಗುರುತ್ವ ಕೇಂದ್ರ 65 ಸೆಂಟಿಮೀಟರ್, ಅಂತರ 1.5 ಮೀಟರ್ ಇರುವ ಎತ್ತರದ ವಾಹನದಲ್ಲಿ ಇದು ಸುಮಾರು ಶೇಕಡಾ 35. ಎಂ.ಜಿ.ಬಿ.ಯನ್ನು ಕೆಡಿಸಿದ ಆ ಒಂದು ಅಂಗುಲದ ಮಹಿಮೆ ಈಗ ತಿಳಿಯುತ್ತದೆ. ಹಗುರ ಕಾರಿಗೆ ಇನ್ನೊಂದು ಲಾಭವೂ ಇದೆ. ಅದರ ಬ್ರೇಕು, ಸ್ಪ್ರಿಂಗು, ಟೈರು ಎಲ್ಲವೂ ಚಿಕ್ಕದಾಗಿರಬಹುದು. ಚಿಕ್ಕದಾದಷ್ಟೂ ಕಾರು ಇನ್ನಷ್ಟು ಹಗುರ. ಬಡ್ಡಿಯ ಮೇಲೆ ಬಡ್ಡಿ ಬೆಳೆದ ಹಾಗೆ ಲಾಭ ಬೆಳೆಯುತ್ತದೆ. ಮಜ್ದಾ ಇದಕ್ಕೆ ‘ಗ್ರಾಂ ತಂತ್ರ’ ಎಂದು ಹೆಸರಿಟ್ಟು, 2005ರ ಮೂರನೆಯ ಪೀಳಿಗೆಯ ಕಾರಿನಲ್ಲಿ ಸಣ್ಣ ಸಣ್ಣ ಭಾಗಗಳಿಂದಲೂ ಗ್ರಾಂ ಲೆಕ್ಕದಲ್ಲಿ ತೂಕ ಕಿತ್ತುಹಾಕಿತು.

ಇನ್ನೊಂದು ಸೊಗಸಾದ ಲೆಕ್ಕವಿದೆ. ಟೈರಿಗೆ ಇರುವುದು ಒಂದೇ ಹಿಡಿತ. ಬ್ರೇಕಿಗೂ ತಿರುವಿಗೂ ಅದನ್ನೇ ಹಂಚಬೇಕು. ಒಟ್ಟು ಹಿಡಿತ 10 ಅಂಶ ಎನ್ನಿ. ಬ್ರೇಕಿಗೆ 6 ಅಂಶ ಬಳಸಿದರೆ ತಿರುಗಲು ಎಷ್ಟು ಉಳಿಯಿತು? ನಾಲ್ಕು ಎಂದರೆ ತಪ್ಪು, ಎಂಟು. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗೊರಸ್‌ನ ಪ್ರಮೇಯ ನಡೆಯುತ್ತದೆ: 6ರ ವರ್ಗ 36, 8ರ ವರ್ಗ 64, ಕೂಡಿದರೆ 100. ಆದರೆ 10 ಅಂಶವನ್ನೂ ಬ್ರೇಕಿಗೇ ಸುರಿದರೆ ತಿರುಗಲು ಏನೂ ಉಳಿಯುವುದಿಲ್ಲ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ನುರಿತ ಚಾಲಕ ತಿರುವಿಗೆ ಮುಂಚೆಯೇ ವೇಗ ಇಳಿಸಿ, ಸ್ಟಿಯರಿಂಗ್ ತಿರುಗಿಸುತ್ತ ಹೋದಂತೆ ಬ್ರೇಕಿನಿಂದ ಪಾದವನ್ನು ಮೆಲ್ಲಗೆ ತೆಗೆಯುತ್ತಾನೆ. ಒಂದು ಕಡಿಮೆಯಾದಷ್ಟೇ ಇನ್ನೊಂದು ಹೆಚ್ಚುವ ಈ ಹದ ಸಿಕ್ಕಿದಾಗ ಕಾರು ಒಂದೇ ಎಳೆಯಲ್ಲಿ ತಿರುವನ್ನು ದಾಟುತ್ತದೆ. ಪಕ್ಕದಲ್ಲಿ ಕೂತವರ ತಲೆ ಕೂಡ ಅಲ್ಲಾಡುವುದಿಲ್ಲ. ಮಿಯಾಟಾದ ಸುಖದಲ್ಲಿ ದೊಡ್ಡ ಪಾಲು ಇದೇ.

ಅಂಗೈಗೆ ಬರುವ ಸುದ್ದಿ

ಹಿಡಿತ ಎಷ್ಟು ಉಳಿದಿದೆ ಎಂದು ಚಾಲಕನಿಗೆ ತಿಳಿಯುವುದು ಹೇಗೆ? ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಅಂಗೈ ಅಗಲದ್ದು. ಕಾರು ತಿರುಗುವಾಗ ರಬ್ಬರಿನ ಆ ಭಾಗ ತುಸು ತಿರುಚಿಕೊಳ್ಳುತ್ತದೆ. ಪಕ್ಕಕ್ಕೆ ತಳ್ಳುವ ಬಲ ಅದರ ಸರಿಯಾದ ಮಧ್ಯದಲ್ಲಿ ಇರದೆ ಸ್ವಲ್ಪ ಹಿಂದೆ ಇರುತ್ತದೆ. ಹೀಗಾಗಿ ಚಕ್ರ ತಾನಾಗಿ ನೇರವಾಗಲು ಹವಣಿಸುತ್ತದೆ. ಸ್ಟಿಯರಿಂಗ್ ಹಿಡಿದ ಕೈಗೆ ಅನುಭವವಾಗುವ ಎಳೆತದಲ್ಲಿ ಇದಕ್ಕೂ ಪಾಲಿದೆ. ತಿರುವು ಬಿಗಿಯಾದಂತೆ ಎಳೆತ ಹೆಚ್ಚುತ್ತದೆ. ಹಿಡಿತದ ಮಿತಿ ಹತ್ತಿರ ಬಂದಾಗ ಆ ಅಂಗೈ ಅಗಲದ ಹಿಂಭಾಗ ಮೊದಲು ಜಾರತೊಡಗುತ್ತದೆ. ಬಲ ಮಧ್ಯದ ಕಡೆಗೆ ಸರಿಯುತ್ತದೆ. ಎಳೆತ ಇಳಿದು ಸ್ಟಿಯರಿಂಗ್ ಹಗುರವಾಗುತ್ತದೆ. ಹಿಡಿತ ಪೂರ್ತಿ ಮುಗಿಯುವ ಮುಂಚೆಯೇ ಇದು ನಡೆಯುವುದು ವಿಶೇಷ. ‘ಇನ್ನು ಸಾಕು’ ಎಂದು ಟೈರು ಮೊದಲೇ ಕಿವಿಮಾತು ಹೇಳಿದ ಹಾಗೆ.

ಭಾರವಾದ, ಮೆತ್ತನೆಯ, ಸದ್ದಡಗಿಸಿದ ಕಾರುಗಳಲ್ಲಿ ಈ ಕಿವಿಮಾತು ದಪ್ಪ ಗೋಡೆಯಾಚೆಯ ಪಿಸುಮಾತಿನಂತೆ ಕ್ಷೀಣವಾಗುತ್ತದೆ. ಮಿಯಾಟಾದಲ್ಲಿ ಅದು ಸ್ಪಷ್ಟ. ಸೈಕಲ್ ಸವಾರಿ ಬಲ್ಲವರಿಗೆ ಇದರ ಅಂದಾಜು ಸುಲಭವಾಗಿ ಸಿಗುತ್ತದೆ. ಮರಳು ಚೆಲ್ಲಿದ ರಸ್ತೆಯಲ್ಲಿ ಮುಂದಿನ ಚಕ್ರ ಸಡಿಲವಾದದ್ದು ಹ್ಯಾಂಡಲ್ ಮೂಲಕ ಕೈಗೆ ತಿಳಿಯುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಗೇರಿನ ವಿಷಯವೂ ಹೀಗೆಯೇ. ಮೊದಲ ಮಿಯಾಟಾದ ಮೂರನೆಯ ಗೇರಿನ ಅನುಪಾತ 1.33, ಎರಡನೆಯದು 1.89. ಮೂರನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡನೆಯ ಗೇರಿಗೆ ಇಳಿದಾಗ ಸುಮಾರು 4,260 ಸುತ್ತು ತಿರುಗಬೇಕು. ಕ್ಲಚ್ಚನ್ನು ಹಾಗೆಯೇ ಬಿಟ್ಟರೆ ಈ ವ್ಯತ್ಯಾಸವನ್ನು ಚಕ್ರಗಳು ತುಂಬಿಕೊಡಬೇಕಾಗಿ ಕಾರು ಮುಗ್ಗರಿಸುತ್ತದೆ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿ ಎಂಜಿನ್ನಿನ ಸುತ್ತನ್ನು ಸರಿಹೊಂದಿಸಿದರೆ ಗೇರು ಬದಲಾದದ್ದೇ ಗೊತ್ತಾಗುವುದಿಲ್ಲ. ಪಾದ, ಕೈ, ಕಿವಿ ಮೂರೂ ಕೂಡಿ ಮಾಡುವ ಈ ಕೆಲಸ ತಬಲಾ ಕಲಿತಂತೆ, ಅಭ್ಯಾಸದಿಂದಲೇ ಬರಬೇಕು. ಅಭ್ಯಾಸಕ್ಕೆ ಫಲ ಸಿಗಲೆಂದೇ ಎಂಜಿನಿಯರುಗಳು ಗೇರ್‌ಪೆಟ್ಟಿಗೆಯಿಂದ ಹಿಂದಿನ ಅಚ್ಚಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ಮಿನ ಗಟ್ಟಿ ತೊಲೆಯೊಂದನ್ನು ಜೋಡಿಸಿದರು. ಆಕ್ಸಿಲರೇಟರ್ ಒತ್ತಿದಾಗ ನಡುವಣ ಭಾಗಗಳು ತಿರುಚಿ ತೊನೆಯದೆ, ಚಕ್ರ ಕೂಡಲೇ ಓಗೊಡುತ್ತದೆ.

ಚಾವಣಿ ಇಲ್ಲದಿರುವುದರ ಲಾಭ ನಷ್ಟ

ಚಪ್ಪಲಿ ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಳ ಹಾಕಿ ಅಂಟಿಸಿ, ಎರಡು ತುದಿ ಹಿಡಿದು ತಿರುಚಿ ನೋಡಿ. ಅದು ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿದರೆ ಒಡನೆಯೇ ಸೊಟ್ಟಗಾಗುತ್ತದೆ. ಕಾರಿನ ಚಾವಣಿ ಮಳೆಯಿಂದ ಕಾಯುವುದರ ಜೊತೆಗೆ ಪೆಟ್ಟಿಗೆಯ ಮುಚ್ಚಳದ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದಾಗ ಬಾಗಿಲ ಕೆಳಗಿನ ಪಟ್ಟಿ, ನೆಲಗಟ್ಟು ಇವುಗಳನ್ನು ದಪ್ಪ ಮಾಡಿ ಬಲಪಡಿಸಬೇಕು. ಅದರಿಂದ ತೂಕ ಏರುತ್ತದೆ. ಹಗುರವಾದ ತೆರೆದ ಕಾರನ್ನು ಮಾಡುವುದು ಕಷ್ಟ ಎನ್ನುವುದು ಇದಕ್ಕೇ.

ಇಷ್ಟೆಲ್ಲ ಕಷ್ಟಪಟ್ಟು ಪಡೆಯುವುದೇನು? ಮೊದಲನೆಯದು ಗಾಳಿ. ಮುಖಕ್ಕೆ ಬಡಿಯುವ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 60 ಕಿಲೋಮೀಟರ್ ಕೂಡ ಇಲ್ಲಿ ವೇಗವೆಂದೇ ಅನ್ನಿಸುತ್ತದೆ. ಎರಡನೆಯದು ಕಣ್ಣು. ಇಂಥ ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ, ಬಸ್ಸಿನಲ್ಲಿ ಸುಮಾರು ಎರಡು ಮೀಟರ್. ಪಕ್ಕದ ನೆಲ ಕಣ್ಣ ಮುಂದೆ ಹಾಯುವ ಕೋನವೇಗ, ವಾಹನದ ವೇಗವನ್ನು ಕಣ್ಣಿನ ಎತ್ತರದಿಂದ ಭಾಗಿಸಿದಷ್ಟು. ಆದ್ದರಿಂದ ಒಂದೇ ವೇಗದಲ್ಲಿ ಓಡಿದರೂ ಪುಟ್ಟ ಕಾರಿನಲ್ಲಿ ರಸ್ತೆ ಬಸ್ಸಿಗಿಂತ ಎರಡರಷ್ಟು ಚುರುಕಾಗಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಮೂರನೆಯದು ವಾಸನೆ, ಸದ್ದು, ಬಿಸಿಲು, ನೆರಳು. ಮರದ ಸಾಲಿನ ಕೆಳಗೆ ಹೋದಾಗ ತಂಪಾಗುವುದು, ಗದ್ದೆ ಬದಿಯಲ್ಲಿ ಒದ್ದೆ ಮಣ್ಣಿನ ವಾಸನೆ ಬರುವುದು, ಗೋಡೆಯ ಪಕ್ಕ ಎಂಜಿನ್ನಿನ ಸದ್ದು ಮರುದನಿಸುವುದು ಇವೆಲ್ಲ ಗಾಜು ಏರಿಸಿದ ಕಾರಿನಲ್ಲಿ ಸಿಗುವುದಿಲ್ಲ.

ನಷ್ಟವನ್ನೂ ಮುಚ್ಚಿಡಬಾರದು. ದೂರದ ಪಯಣದಲ್ಲಿ ಗಾಳಿಯ ಸದ್ದು ದಣಿಸುತ್ತದೆ. ಕಾರು ಮಗುಚಿದರೆ ತಲೆ ಕಾಯಲು ಗಟ್ಟಿ ಚಾವಣಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಗುರ ಕಾರು ಭಾರದ ವಾಹನಕ್ಕೆ ಡಿಕ್ಕಿ ಹೊಡೆದರೆ ಸಂವೇಗ ಸಂರಕ್ಷಣೆಯ ನಿಯಮ ಯಾರ ಮುಲಾಜನ್ನೂ ನೋಡುವುದಿಲ್ಲ. ಒಂದು ಟನ್ ಕಾರಿಗೂ ಹತ್ತು ಟನ್ ಲಾರಿಗೂ ಡಿಕ್ಕಿಯಾದಾಗ, ಲಾರಿಯ ವೇಗದಲ್ಲಾಗುವ ಬದಲಾವಣೆಯ ಹತ್ತರಷ್ಟು ಕಾರಿನ ವೇಗದಲ್ಲಾಗುತ್ತದೆ. ಪೆಟ್ಟೆಲ್ಲ ಕಾರಿನೊಳಗಿದ್ದವರಿಗೆ.

ವೇಗಕ್ಕೆ ತೆರುವ ಬೆಲೆ

ಲೈಸೆನ್ಸ್ ಸಿಕ್ಕ ಮಗನೋ ಮಗಳೋ ‘ಪಿಕಪ್’ ಚೆನ್ನಾಗಿರುವ ಗಾಡಿ ಬೇಕೆಂದು ಕೇಳಿದಾಗ ತಂದೆ ತಾಯಿಯರು ಹೆದರುವುದು ಸಹಜ. ಬೇಡ ಎಂದಷ್ಟೇ ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ, ಆಸೆ ನಿಲ್ಲುವುದಿಲ್ಲ. ಅದಕ್ಕಿಂತ ಮನೆಮಂದಿ ಕೂತು ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಒಂದು ಟನ್ ತೂಕದ ಕಾರಿಗೆ ಆಗ ಇರುವ ಚಲನ ಶಕ್ತಿ ಸುಮಾರು 1.39 ಲಕ್ಷ ಜೂಲ್. 14 ಮೀಟರ್ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ಐದು ಮಹಡಿಯ ಮೇಲಿಂದ ಬಿದ್ದ ಕಾರು ನೆಲ ಮುಟ್ಟುವಾಗ ಇರುವಷ್ಟೇ ಶಕ್ತಿ ಅದು. ವೇಗ 120 ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 5.56 ಲಕ್ಷ ಜೂಲ್. ಎತ್ತರ ಸುಮಾರು 57 ಮೀಟರ್, ಅಂದರೆ ಹತ್ತೊಂಬತ್ತು ಮಹಡಿ. ಅಡ್ಡ ಬಂದ ಹಸುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕೆಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ 60ರ ವೇಗದ ಕಾರು ನಿಲ್ಲಲು ಒಟ್ಟು ಸುಮಾರು 34 ಮೀಟರ್ ಸಾಕು. 120ರ ವೇಗದಲ್ಲಿ ಸುಮಾರು 104 ಮೀಟರ್ ಬೇಕು.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಿಯಾಟಾ ಹೇಳುವ ಪಾಠ ಕಣ್ಣಿಗೆ ಕಟ್ಟುತ್ತದೆ. ವೇಗ ಹೆಚ್ಚಿದಂತೆ ಅಪಾಯ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಸಂತೋಷ ಹಾಗೆ ಬೆಳೆಯುವುದಿಲ್ಲ. ಭಾರವಾದ, ಬಲಿಷ್ಠವಾದ, ಸದ್ದಿಲ್ಲದ ಕಾರಿನಲ್ಲಿ ಕೂತವನಿಗೆ 60 ಎಂದರೆ ನಿಂತ ಹಾಗೆ. ಏನಾದರೂ ಅನ್ನಿಸಬೇಕೆಂದರೆ ಅವನು 120 ದಾಟಬೇಕು. ಹಗುರವಾದ ಪುಟ್ಟ ಕಾರಿನವನು ತಗ್ಗಿನ ಸೀಟು, ಗಾಳಿ, ಕೈಗೆ ಸಿಗುವ ಎಳೆತ, ಹದವಾಗಿ ಬಿದ್ದ ಗೇರು ಇವುಗಳಿಂದ 60ರಲ್ಲೇ ತುಂಬಿದ ಸುಖ ಪಡೆಯುತ್ತಾನೆ. ಕಾರಿನ ಮೇಲೆ ಹಿಡಿತ ಸಾಧಿಸಿದ ಸುಖ ಅದು. ಅದಕ್ಕೆ ಗಮನ ಬೇಕು. ಗಮನವಿದ್ದಲ್ಲಿ ಮೊಬೈಲಿಗೆ ಜಾಗವಿಲ್ಲ.

ಈ ಬಗೆಯ ಸುಖಕ್ಕೆ ಜಪಾನಿನ ಕಾರೇ ಬೇಕೆಂದಿಲ್ಲ. ಹಿಂದಿನ ಕ್ಯಾರಿಯರಿನಲ್ಲಿ ಅಕ್ಕಿ ಮೂಟೆ ಹೇರಿದ ಸೈಕಲ್ಲನ್ನೂ, ಮೂಟೆ ಇಳಿಸಿದ ಬಳಿಕ ಅದೇ ಸೈಕಲ್ಲನ್ನೂ ತುಳಿದವರಿಗೆ ಹಗುರತನದ ರುಚಿ ಗೊತ್ತು. ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಒಂದು ವೃತ್ತ ಬರೆದು, ಗೆರೆ ತಪ್ಪದೆ, ಬ್ರೇಕ್ ಹಿಡಿಯದೆ, ನಿಧಾನವಾಗಿ ಸೈಕಲ್ಲಿನಲ್ಲಿ ಸುತ್ತಿ ಬರಲು ವಿದ್ಯಾರ್ಥಿಗಳು ಪ್ರಯತ್ನಿಸಬಹುದು. ಮೈ ಎಷ್ಟು ವಾಲಬೇಕು, ಹ್ಯಾಂಡಲ್ ಎಷ್ಟು ತಿರುಗಬೇಕು ಎಂಬುದನ್ನು ಪುಸ್ತಕದ ಸಮೀಕರಣಕ್ಕಿಂತ ಮೊದಲೇ ಮೈ ಕಲಿತುಬಿಡುತ್ತದೆ. ಆಮೇಲೆ ತರಗತಿಯಲ್ಲಿ ಕೇಂದ್ರಾಭಿಮುಖ ಬಲದ ಪಾಠ ಬಂದಾಗ, ಬೋರ್ಡಿನ ಮೇಲಿನ ವೃತ್ತ ಮೈದಾನದ ಸುಣ್ಣದ ವೃತ್ತವಾಗಿ ಕಾಣುತ್ತದೆ.